ಓದದೆ ಉಳಿದ ತೀರ್ಪು

ಕಾಗದದ ಎಡಗಡೆ ಮೂರು ಬೆರಳಗಲ ಬಿಟ್ಟು ಮಡಿಕೆ ಹಾಕಬೇಕು. ಮಡಿಕೆಯನ್ನು ಉಗುರಿನಿಂದ ತೀಡಬಾರದು, ರೂಲುದೊಣ್ಣೆಯಿಂದ ಒಮ್ಮೆ ಎಳೆಯಬೇಕು. ಉಗುರಿನಿಂದ ತೀಡಿದರೆ ಗೆರೆ ಒಂದು ಕಡೆಗೆ ವಾಲುತ್ತದೆ. ಪುಟಕ್ಕೆ ಇಪ್ಪತ್ತನಾಲ್ಕು ಸಾಲು. ಚಿತ್ತಾದರೆ ಆ ಹಾಳೆಯನ್ನು ತಿದ್ದುವಂತಿಲ್ಲ, ಹೊಸದು ತೆಗೆದುಕೊಳ್ಳಬೇಕು. ಹಾಳಾದದ್ದನ್ನು ಒಲೆಗೆ ಹಾಕಿ, ಉರಿದು ಮುಗಿಯುವವರೆಗೆ ಅಲ್ಲೇ ನಿಂತಿರಬೇಕು.

ಈ ಕ್ರಮವನ್ನು ಕಲಿಸಿದವರು ಅಪ್ಪ. ಅವರು ಕೋಲಾರದಲ್ಲಿ ಮುನ್ಸೀಫರಾಗಿದ್ದರು. ಜಮೀನು, ಮನೆ, ಬಾವಿ, ದಾರಿ ಇಂಥವುಗಳ ವ್ಯಾಜ್ಯ ಕೇಳಿ ತೀರ್ಪು ಹೇಳುವುದು ಅವರ ಕೆಲಸ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಮನೆಗೆ ಬರುವ ಹೊತ್ತಿಗೆ ಅವರ ಬಲಗೈ ಬೆರಳುಗಳು ನಡುಗಲು ಶುರುವಾಗಿದ್ದವು. ಸೀಸದಕಡ್ಡಿಯಲ್ಲಿ ಹೇಗೋ ಕರಡು ಬರೆಯುತ್ತಿದ್ದರು, ಮಸಿಯಲ್ಲಿ ಬರೆಯಲಾಗುತ್ತಿರಲಿಲ್ಲ. ಕರಡನ್ನು ಕೋರ್ಟಿನ ಗುಮಾಸ್ತರಿಗೆ ಕೊಟ್ಟು ನಕಲು ಮಾಡಿಸಬಹುದಿತ್ತು. ಆದರೆ ಗುಮಾಸ್ತರಿಗೆ ಹೆಂಡತಿ ಇದ್ದರು, ಹೆಂಡತಿಗೆ ತವರಿತ್ತು, ತವರಿನವರಿಗೆ ನೆರೆಹೊರೆ ಇತ್ತು. ನನಗೆ ಹೇಳಿಕೊಳ್ಳುವಂಥ ಗೆಳತಿಯರು ಕೋಲಾರದಲ್ಲಿ ಇರಲಿಲ್ಲ. ಇದ್ದಿದ್ದರೂ ಹೇಳುವವಳಲ್ಲವೆಂದು ಅಪ್ಪನಿಗೆ ಗೊತ್ತಿತ್ತು.

ಹೀಗಾಗಿ ತೀರ್ಪುಗಳನ್ನು ನಕಲು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಪ್ಪತ್ತೊಂದನೆಯ ವಯಸ್ಸಿಗೆ ಆ ಊರಿನಲ್ಲಿ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ ಎಂಬುದು ಗೆದ್ದವರಿಗೂ ಸೋತವರಿಗೂ ಮೊದಲು ನನಗೆ ತಿಳಿಯುತ್ತಿತ್ತು. ಬೀದಿಯಲ್ಲಿ ಎದುರಾದವರ ಮುಖ ನೋಡುವುದನ್ನು ಬಿಟ್ಟೆ. ನನ್ನನ್ನು ಜಂಬದವಳೆಂದು ಜನ ಅಂದುಕೊಂಡರು. ಅದು ಅನುಕೂಲವೇ ಆಯಿತು.

ಮನೆಯಲ್ಲಿದ್ದವರು ಮೂವರು: ಅಪ್ಪ, ಅಪ್ಪನ ತಾಯಿ, ನಾನು. ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಅಜ್ಜಿ ಮುಳಬಾಗಿಲ ಕಡೆಯವರು, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಅಜ್ಜಿಗೆ ಈ ಮನೆಯ ಒಂದು ಕಟ್ಟಳೆ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಮದುವೆಗೋ ಆರತಿಗೋ ಕರೆದರೆ ನಾನು ಮೊದಲು ಅಪ್ಪನ ಮೇಜಿನ ಮೇಲಿದ್ದ ದಾವೆಗಳ ಪಟ್ಟಿ ನೋಡಬೇಕಾಗಿತ್ತು. ಕರೆದವರ ಹೆಸರು ಅದರಲ್ಲಿದ್ದರೆ ದಾವೆ ಮುಗಿಯುವ ತನಕ ಅವರ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಅವರ ಮನೆಯ ಒಂದು ವೀಳ್ಯದೆಲೆ ಮುಟ್ಟುವಂತಿಲ್ಲ.

"ಬೇರೆ ಮನೇಲಿ ಪಂಚಾಂಗ ನೋಡಿ ಹೊರಡ್ತಾರೆ. ಈ ಮನೇಲಿ ಕೋರ್ಟು ಪಟ್ಟಿ ನೋಡಿ ಹೊರಡ್ಬೇಕು. ಏಮಿ ಚೋದ್ಯಮಮ್ಮಾ ಇದಿ! ರಾಹುಕಾಲ ಆದ್ರೂ ಒಂದೂವರೆ ಗಂಟೆಗೆ ಮುಗಿಯತ್ತೆ ಕಣೇ, ನಿಮ್ಮಪ್ಪಂದು ವರ್ಷಗಟ್ಲೆ ಹಿಡಿಯತ್ತೆ" ಎಂದು ಅಜ್ಜಿ ಅಪ್ಪನಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ಅಪ್ಪ ನಗುತ್ತಲೂ ಇರಲಿಲ್ಲ, ಬಯ್ಯುತ್ತಲೂ ಇರಲಿಲ್ಲ.

ನಾನು ಹೇಳಹೊರಟಿರುವುದು ಸ್ವಾತಂತ್ರ್ಯ ಬಂದ ಮರುವರ್ಷದ ಶ್ರಾವಣದ ಮಾತು. ಮೈಸೂರಿನಲ್ಲಿ ಪ್ರಜೆಗಳ ಸರ್ಕಾರ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಜ್ಞೆಗಳು ಮಹಾರಾಜರ ಹೆಸರಿನಲ್ಲೇ ಬರುತ್ತಿದ್ದವು, ಮಂತ್ರಿಗಳು ಮಾತ್ರ ನಿನ್ನೆ ಮೊನ್ನೆ ಜೈಲಿನಿಂದ ಬಂದವರು. ನಾನು ಅದನ್ನು ಸಂತೋಷದಿಂದಲೇ ನೋಡಿದ್ದೆ. ಕಾಲೇಜಿನಲ್ಲಿ ಚರಿತ್ರೆ ಓದಿದವಳು. ಅಧಿಕಾರ ನಡೆಸುವವರೂ ನ್ಯಾಯ ಹೇಳುವವರೂ ಬೇರೆ ಬೇರೆ ಇರಬೇಕೆಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಇನ್ನು ಮೇಲೆ ನಮ್ಮಲ್ಲೂ ಹಾಗಾಗುತ್ತದೆಂದು ನಂಬಿದ್ದೆ.

ಆ ತಿಂಗಳು ಅಪ್ಪನ ಮುಂದೆ ಒಂದು ಮಾವಿನ ತೋಪಿನ ದಾವೆ ಇತ್ತು. ತೋಪು ಶ್ರೀನಿವಾಸಪುರದ ಆಚೆಗಿತ್ತು. ಗಂಡ ಸತ್ತ ಹೆಂಗಸೊಬ್ಬರು ಅದನ್ನು ನೋಡಿಕೊಂಡಿದ್ದರು. ಊರವರು ಅವರನ್ನು ತೋಪಿನಮ್ಮ ಎಂದೇ ಕರೆಯುತ್ತಿದ್ದರು. ಹೊಸ ಸರ್ಕಾರ ಬಂದ ಮೇಲೆ ಒಂದು ದಿನ ಕೆಲವರು ಬಂದು ತೋಪಿಗೆ ಬೇಲಿ ಹಾಕಿ, ಒಳಗೊಂದು ಗುಡಿಸಲು ಕಟ್ಟಿ, ಸೇವಾ ಕೇಂದ್ರವೆಂದು ಹಲಗೆ ತೂಗುಹಾಕಿದರು. ಇದು ಸರ್ಕಾರಿ ಜಾಗ, ಜನರ ಉಪಯೋಗಕ್ಕೆ ತೆಗೆದುಕೊಂಡಿದ್ದೇವೆ ಅಂದರು. ಆ ವರ್ಷದ ಫಸಲನ್ನು ಕಿತ್ತವರೂ ಅವರೇ. ತೋಪಿನಮ್ಮ ದಾವೆ ಹಾಕಿದರು.

ಪಟ್ಟಿಯಲ್ಲಿ ಪ್ರತಿವಾದಿಯೆಂದು ಇದ್ದದ್ದು ಆ ಕೇಂದ್ರದ ಕಾರ್ಯದರ್ಶಿಯ ಹೆಸರು. ಆತ ಕೋಲಾರದ ಮುಖಂಡರೊಬ್ಬರ ತಂಗಿಯ ಗಂಡ. ಆ ಮುಖಂಡರು ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು, ಮಂತ್ರಿಗಳನ್ನು ಏಕವಚನದಲ್ಲಿ ಮಾತನಾಡಿಸುವವರು. ಬೇಲಿ ಹಾಕಿಸಿದವರು ಯಾರೆಂದು ಜಿಲ್ಲೆಗೆಲ್ಲ ಗೊತ್ತಿತ್ತು. ಕಾಗದದಲ್ಲಿ ಮಾತ್ರ ಅವರ ಹೆಸರು ಎಲ್ಲಿಯೂ ಇರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ, ಆ ದಾವೆಯ ಕರಡು ನನ್ನ ಕೈಗೆ ಬಂತು. ತೀರ್ಪು ಹೇಳಲು ಹಬ್ಬ ಕಳೆದು ಹತ್ತನೆಯ ದಿನದ ಸೋಮವಾರವನ್ನು ಗೊತ್ತುಮಾಡಿದ್ದರು. ಮುಂದಿನ ಪುಟಗಳನ್ನು ಮೊದಲೇ ನೋಡಬಾರದೆಂಬುದು ನಾನೇ ಹಾಕಿಕೊಂಡಿದ್ದ ನಿಯಮ. ಅವತ್ತು ಹಾಳೆಗಳು ಗಾಳಿಗೆ ಹಾರಿ ಕೊನೆಯದು ಮೇಲಕ್ಕೆ ಬಂತು. ತೋಪು ವಾದಿಯದೆಂದೂ ಬೇಲಿ ಕಿತ್ತು ಸ್ವಾಧೀನ ಬಿಟ್ಟುಕೊಡಬೇಕೆಂದೂ ಅಪ್ಪ ಬರೆದಿದ್ದರು.

ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಬಳೆಯ ಸದ್ದಾಯಿತು. ಮುಖಂಡರ ಹೆಂಡತಿ ತಾವೇ ಕರೆಯಲು ಬಂದಿದ್ದರು. "ನಾಳೆ ಸಂಜೆ ಕುಂಕುಮಕ್ಕೆ ಅಮ್ಮಣ್ಣೀನ ಕಳಿಸ್ಬೇಕು ಅಜ್ಜಿ. ಹೋದ್ಸಲದ ಹಾಗೆ ಕತ್ತಲಾದ್ಮೇಲೆ ಬಂದ್ರೆ ನಾನು ಕೋಪ ಮಾಡ್ಕೊಂತೀನಿ" ಎಂದು ಅವರು ಹೇಳಿದ್ದು ಒಳಗೆ ಕೇಳಿಸಿತು. ಹೋದ ವರ್ಷ ನಾನು ಹೋಗಿದ್ದೆ. ಅವರು ಕೊಟ್ಟ ಹಸಿರು ರವಿಕೆ ಕಣವನ್ನು ಹೊಲಿಸಿಕೊಂಡು ಹಾಕಿಕೊಂಡಿದ್ದೆ ಕೂಡ. ಒಳ್ಳೆಯ ಹೆಂಗಸು. ನನಗೆ ಅಮ್ಮನಿಲ್ಲವೆಂದು ಹೂವನ್ನು ತಾವೇ ಮುಡಿಸಿದ್ದರು.

ಪಟ್ಟಿಯ ಪ್ರಕಾರ ನಾನು ಹೋಗಬಹುದಿತ್ತು. ಅವರ ಗಂಡನ ಹೆಸರು ಅದರಲ್ಲಿ ಇರಲಿಲ್ಲ. ಹೋಗುವುದು ಬೇಡವೆನ್ನಿಸಲು ಕಾರಣ ಒಂದೇ, ನನ್ನ ಮುಂದಿದ್ದ ಕೊನೆಯ ಹಾಳೆ. ಅದನ್ನು ಓದಿಕೊಂಡು ಅವರ ಮಣೆಯ ಮೇಲೆ ಕೂತು, ಅವರು ಹೂವು ಮುಡಿಸುವಾಗ ತಲೆ ಬಗ್ಗಿಸುವುದು ನನ್ನಿಂದ ಆಗುವಂತಿರಲಿಲ್ಲ. ಆದರೆ ಆ ಕಾರಣವನ್ನು ಯಾರಿಗೂ ಹೇಳುವಂತಿರಲಿಲ್ಲ, ಅಪ್ಪನಿಗೂ. ಕೊನೆಯ ಹಾಳೆಯನ್ನು ಮೊದಲೇ ನೋಡಿದೆನೆಂದು ಅವರಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

"ಅಜ್ಜಿ, ನಾಳೆ ನಾನು ಹೋಗಲ್ಲ" ಅಂದೆ.

"ಪಟ್ಟೀಲಿದಾರಾ?"

"ಇಲ್ಲ."

"ಮತ್ತೇನೇ ನಿಂಗೆ ರೋಗ?"

ಅಜ್ಜಿ ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಮರುದಿನ ಸಂಜೆ ಆ ಮನೆಯ ಕೆಲಸದವಳು ಕರೆಯಲು ಬಂದಾಗ ಅಜ್ಜಿ ಬಾಗಿಲಿಗೆ ಹೋಗಿ, "ಏನ್ ಮಾಡೋದಮ್ಮ, ಮಗು ಬೆಳಿಗ್ಗೆಯಿಂದ ಹೊರಗಾಗಿದಾಳೆ" ಅಂದುಬಿಟ್ಟರು.

ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಆದರೆ ಮುಂದಿನದೆಲ್ಲ ಈ ಮಾತಿನಿಂದಲೇ ಆದದ್ದರಿಂದ ಬಿಡುವಂತಿಲ್ಲ. ತಿಂಗಳ ಮೂರು ದಿನ ಹೆಂಗಸರು ಒಳಗೆ ಬರುವುದಿಲ್ಲ, ಪೂಜೆಯ ಮನೆಗೆ ಹೋಗುವುದಿಲ್ಲ. ಹಾಗೆಂದು ಹೇಳಿದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಬೇಡವಾದ ಕರೆಯನ್ನು ಯಾರ ಮನಸ್ಸಿಗೂ ನೋವಾಗದಂತೆ ತಪ್ಪಿಸಿಕೊಳ್ಳಲು ನಮ್ಮ ಹೆಂಗಸರಿಗಿರುವ ಬಾಗಿಲು ಅದೊಂದೇ. ಎಲ್ಲರೂ ಒಂದಲ್ಲ ಒಂದು ಸಲ ಅದರಲ್ಲಿ ನುಸುಳಿದವರೇ.

ಮರುದಿನ ಶನಿವಾರ. ಪ್ರತಿ ಶನಿವಾರ ಆಂಜನೇಯನ ಗುಡಿಗೆ ಎಣ್ಣೆ ಕೊಡುವುದು ಅಜ್ಜಿಯ ಹರಕೆ. ಅವತ್ತು ಅವರಿಗೆ ಮಂಡಿ ನೋವು. "ನೀನೇ ಹೋಗಿ ಕೊಟ್ಬಿಟ್ಟು ಬಾರೇ" ಅಂದರು. ನಾನು ಸ್ನಾನ ಮಾಡಿ ಎಣ್ಣೆಯ ಗಿಂಡಿ ಹಿಡಿದು ಹೊರಟೆ. ನಾನು ನಿಜವಾಗಿ ಹೊರಗಾಗಿರಲಿಲ್ಲವಾದ್ದರಿಂದ ಗುಡಿಗೆ ಹೋಗುವುದು ಅಜ್ಜಿಗೂ ತಪ್ಪೆನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಹೇಳಿದ ಸುಳ್ಳನ್ನು ಮೂರು ದಿನ ಕೂತು ಕಾಯಬೇಕೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮುಖಂಡರ ಹೆಂಡತಿ ಪ್ರದಕ್ಷಿಣೆ ಮುಗಿಸಿ ಬರುತ್ತಿದ್ದರು. ನಾನು ಅರ್ಚಕರ ಕೈಗೆ ಗಿಂಡಿ ಕೊಡುತ್ತಿದ್ದೆ. ಆಕೆ ನನ್ನನ್ನೂ ಗಿಂಡಿಯನ್ನೂ ನನ್ನ ಒದ್ದೆ ಕೂದಲನ್ನೂ ನೋಡಿದರು.

"ಮೂರು ದಿನ ಆಗ್ಬಿಡ್ತಾ ಅಮ್ಮಣ್ಣಿ? ಮುನ್ಸೀಫರ ಮನೇಲಿ ದಿನಗಳೂ ಬೇಗ ಬೇಗ ಓಡ್ತವೆ."

ನಾನು ಅರ್ಚಕರ ಕೈಯಿಂದ ಖಾಲಿ ಗಿಂಡಿಯನ್ನು ತೆಗೆದುಕೊಂಡೆ.

"ಬರಕ್ಕೆ ಇಷ್ಟ ಇಲ್ಲ ಅಂದಿದ್ರೆ ಆಗ್ತಿತ್ತಪ್ಪ. ದೇವ್ರ ಹೆಸರಲ್ಲಿ ಕರೆದ್ರೆ ಹಿಂಗಾ ಸುಳ್ಳು ಹೇಳೋದು? ಹೋದ್ಸಲ ಬಂದಿದ್ದೆ, ಕಣ ಇಸ್ಕೊಂಡಿದ್ದೆ. ಈ ಸಲ ನಮ್ಮನೆ ಕುಂಕುಮ ಕಹಿ ಆಗೋಯ್ತಾ?" ಅಂದರು. ಅಷ್ಟು ಹೇಳಿ, ಏನೋ ಲೆಕ್ಕ ಹಾಕುವವರಂತೆ ಒಂದು ಗಳಿಗೆ ನಿಂತರು. ಆಮೇಲೆ ಅವರ ಮುಖ ಬದಲಾಯಿತು. ಸಿಟ್ಟು ಹೋಗಿ ಬೇರೇನೋ ಬಂತು. "ಓ" ಅಂದರು, "ಹೋಗ್ಲಿ ಬಿಡು ಮಗು" ಅಂದರು, ಬೇಗ ಬೇಗ ಹೊರಟುಹೋದರು.

ಆ "ಓ" ನನಗೆ ಅಲ್ಲೇ ಅರ್ಥವಾಯಿತು. ತೀರ್ಪಿನ ನಕಲು ಮಾಡುವವಳು ನಾನೆಂದು ಊರಿಗೆ ಗೊತ್ತಿತ್ತು. ಮುನ್ಸೀಫರ ಅಕ್ಷರಕ್ಕೆ ಬಳೆ ಬಂದಿದೆ ಎಂದು ವಕೀಲರು ತಮಾಷೆ ಮಾಡುತ್ತಿದ್ದರಂತೆ. ಹೋದ ವರ್ಷ ಬಂದವಳು, ತೀರ್ಪಿಗೆ ಹತ್ತು ದಿನ ಇರುವಾಗ, ಸುಳ್ಳು ಹೇಳಿ ತಪ್ಪಿಸಿಕೊಂಡಳೆಂದರೆ ಅದಕ್ಕೆ ಎಷ್ಟು ಅರ್ಥ ಇರಲು ಸಾಧ್ಯ? ಗೆಲ್ಲುವವರ ಮನೆಯ ಹೂವು ಮುಡಿಯಲು ಯಾರಿಗೆ ಕಷ್ಟ? ಇಷ್ಟು ಕಾಲ ಒಂದು ಮಾತೂ ಆಚೆ ಬಿಡದೆ ಕಾಪಾಡಿದ್ದನ್ನು, ಮಾತೇ ಆಡದೆ, ಗುಡಿಯ ಮೆಟ್ಟಿಲ ಮೇಲೆ ನಿಂತು ಹೇಳಿಬಿಟ್ಟಿದ್ದೆ.

ಸೋಮವಾರ ಮುಖಂಡರು ಬೆಂಗಳೂರಿಗೆ ಹೋದರೆಂದು ಹಾಲಿನವಳು ಅಜ್ಜಿಗೆ ಹೇಳಿದಳು. ಅವರು ವಾರಕ್ಕೊಮ್ಮೆ ಹೋಗುವವರೇ. ನಾನು ಹಾಗೆಂದುಕೊಂಡೇ ಆ ವಾರವನ್ನೆಲ್ಲ ಕಳೆದೆ. ಅಪ್ಪ ಸಾಕ್ಷಿಗಳ ಭಾಗವನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು, ನಾನು ಮತ್ತೆ ಮತ್ತೆ ನಕಲು ಮಾಡುತ್ತಿದ್ದೆ.

ಮುಂದಿನ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತಂತಿ ಬಂತು. ಅಪ್ಪನನ್ನು ಚಿತ್ರದುರ್ಗದ ಕಡೆಗೆ ವರ್ಗ ಮಾಡಿದ್ದರು. ಅದೇ ದಿನ ಮಧ್ಯಾಹ್ನ ಬರುವ ಅಧಿಕಾರಿಗೆ ಚಾರ್ಜು ಒಪ್ಪಿಸಬೇಕೆಂದಿತ್ತು. ಕೋಲಾರಕ್ಕೆ ಬಂದು ಇನ್ನೂ ಎರಡು ವರ್ಷ ಆಗಿರಲಿಲ್ಲ.

ಅಪ್ಪ ತಂತಿಯನ್ನು ಎರಡು ಸಲ ಓದಿ, ಮಡಿಸಿ, ಕನ್ನಡಕದ ಡಬ್ಬಿಯಲ್ಲಿಟ್ಟರು. "ಎಷ್ಟು ಪುಟ ಇದೆ ಇನ್ನೂ?" ಎಂದು ಕೇಳಿದರು.

"ಮೂರು."

"ಬರೆದು ಮುಗಿಸು."

ನಾನು ಹತ್ತೂವರೆಗೆ ಮುಗಿಸಿದೆ. ನನ್ನ ಜೀವನದಲ್ಲಿ ಅಷ್ಟು ವೇಗವಾಗಿ ಒಂದೂ ಚಿತ್ತಿಲ್ಲದೆ ಬರೆದದ್ದು ಅದೊಂದೇ ಸಲ. ಹಾಳೆಗಳನ್ನು ಕೊಡುತ್ತಾ, "ಅಪ್ಪ, ಇವತ್ತೇ ಓದಿಬಿಡಿ. ಮಧ್ಯಾಹ್ನದವರೆಗೆ ಕುರ್ಚಿ ನಿಮ್ಮದೇ ಅಲ್ವಾ" ಅಂದೆ. ಅವರ ಕೆಲಸದ ವಿಷಯದಲ್ಲಿ ನಾನು ಬಾಯಿ ಹಾಕಿದ್ದು ಅದೇ ಮೊದಲು.

"ಸೋಮವಾರ ಅಂತ ಎರಡು ಕಡೆಯವರಿಗೂ ಹೇಳಿದೀನಿ. ಇವತ್ತು ಅವರು ಯಾರೂ ಅಲ್ಲಿರಲ್ಲ."

ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಇಲ್ದಿದ್ರೆ ಏನೋ? ಗೋಡೆಗೆ ಓದು. ಗೋಡೆ ಆದ್ರೂ ಕೇಳ್ಲಿ" ಅಂದರು.

"ನಿನಗೆ ಗೊತ್ತಾಗಲ್ಲಮ್ಮ."

"ಏನ್ ಗೊತ್ತಾಗಲ್ಲ? ಅಡಿಗೆ ಮಾಡಿಟ್ಟು ಬಡಿಸದೆ ಎದ್ದು ಹೋಗೋದು ಎಲ್ಲಾದ್ರೂ ಉಂಟಾ?"

ಅಪ್ಪ ಕೋಟು ಹಾಕಿಕೊಂಡು, ರುಮಾಲು ಸುತ್ತಿಕೊಂಡು ಹೊರಟರು. ತೀರ್ಪಿಗೆ ತಾರೀಖು ಹಾಕಿರಲಿಲ್ಲ. ತಾರೀಖು ಹಾಕಬೇಕಾದದ್ದು ಅದನ್ನು ಕೋರ್ಟಿನಲ್ಲಿ ಓದಿ ಹೇಳುವ ದಿನ. ಒಬ್ಬ ಮುನ್ಸೀಫರು ಬರೆದಿಟ್ಟ ತೀರ್ಪನ್ನು ಅವರ ನಂತರ ಬಂದವರು ಓದಬಹುದೆಂದು ಕಾನೂನಿನಲ್ಲಿತ್ತು. ಓದಲೇಬೇಕೆಂದು ಇರಲಿಲ್ಲ. ಬೇಡವೆನ್ನಿಸಿದರೆ ವಾದವನ್ನು ಮತ್ತೆ ಮೊದಲಿನಿಂದ ಕೇಳಬಹುದಿತ್ತು. ಅಪ್ಪ ನನ್ನ ಹಾಳೆಗಳನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ, ದಾವೆಯ ಕಾಗದಗಳ ಜೊತೆಗಿಟ್ಟು, ಚಾರ್ಜು ಒಪ್ಪಿಸಿ ನಾಲ್ಕು ಗಂಟೆಗೆ ಮನೆಗೆ ಬಂದರು. ಆ ಹೊಸಬರು ಹೇಗಿದ್ದಾರೆಂದು ಅಜ್ಜಿ ಕೇಳಿದ್ದಕ್ಕೆ, "ಸಣ್ಣ ವಯಸ್ಸು. ಒಳ್ಳೆಯವರ ಹಾಗೆ ಕಾಣ್ತಾರೆ. ತುಂಬ ಬೆವರ್ತಿದ್ರು" ಅಂದರು.

ಭಾನುವಾರ ಮಧ್ಯಾಹ್ನ ಕಾನೂನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆವು. ನಾನು ಒಂದೊಂದಾಗಿ ಒರೆಸಿ ಕೊಡುತ್ತಿದ್ದೆ, ಅಪ್ಪ ಜೋಡಿಸುತ್ತಿದ್ದರು. ಅಜ್ಜಿ ಮಲಗಿದ್ದರು. ನಾನು ಕೊನೆಯ ಹಾಳೆ ನೋಡಿದ್ದು, ಕುಂಕುಮಕ್ಕೆ ಹೋಗದೆ ಇದ್ದದ್ದು, ಗುಡಿಯಲ್ಲಿ ಆದದ್ದು ಎಲ್ಲವನ್ನೂ ಹೇಳಿದೆ. ಹೆಂಗಸರ ವಿಷಯವನ್ನು ಅಪ್ಪನ ಎದುರು ಹೇಗೆ ಹೇಳಿದೆನೋ ನೆನಪಿಲ್ಲ. ಪುಸ್ತಕದ ಬೆನ್ನು ನೋಡಿಕೊಂಡು ಹೇಳಿದ್ದು ನೆನಪಿದೆ.

"ಈ ವರ್ಗ ನನ್ನಿಂದ ಆದದ್ದು ಅಪ್ಪ."

ಅವರು ಕೈಯಲ್ಲಿದ್ದ ಪುಸ್ತಕವನ್ನು ಪೆಟ್ಟಿಗೆಯೊಳಗೆ ಇಟ್ಟರು. ಬಯ್ಯುತ್ತಾರೆಂದುಕೊಂಡೆ. ಬಯ್ದಿದ್ದರೆ ಒಳ್ಳೆಯದಿತ್ತು.

"ಮಾಲೂರಲ್ಲಿದ್ದಾಗ ನಾನು ಮ್ಯಾಜಿಸ್ಟ್ರೇಟ್ ಕೆಲಸವನ್ನೂ ನೋಡ್ತಿದ್ದೆ, ನಿನಗೆ ನೆನಪಿರಬೇಕು" ಅಂದರು. "ಚಳವಳಿ ವರ್ಷ. ತಂತಿ ಕತ್ತರಿಸಿದರು ಅಂತ ಕೆಲವರನ್ನ ನನ್ನ ಮುಂದೆ ತಂದರು. ಸಾಕ್ಷಿ ಗಟ್ಟಿ ಇರಲಿಲ್ಲ. ಬಿಡೋ ಧೈರ್ಯ ಬರಲಿಲ್ಲ, ಆರು ವಾರ ಅಂತ ಬರೆದಿಟ್ಟಿದ್ದೆ. ಬೆಳಿಗ್ಗೆ ಒಂದು ಚೀಟಿ ಬಂತು. ಆರು ತಿಂಗಳು ಅಂತಿತ್ತು, ಅಷ್ಟೇ. ಸಹಿ ಇರಲಿಲ್ಲ. ಯಾರ ಬಂಗಲೆಯಿಂದ ಬಂತು ಅಂತ ತಂದ ಜವಾನನ ಎದೆ ಮೇಲಿದ್ದ ಡವಾಲಿ ಬಿಲ್ಲೆ ನೋಡಿದ್ರೆ ಗೊತ್ತಾಗ್ತಿತ್ತು. ನಾನು ಬರೆದಿದ್ದನ್ನ ಹರಿದು ಆರು ತಿಂಗಳು ಅಂತ ಬರೆದೆ."

"ಅವರಲ್ಲಿ ಇವರೂ ಇದ್ರಾ?" ನಾನು ಮುಖಂಡರನ್ನು ಕುರಿತು ಕೇಳಿದೆ.

"ಇದ್ರು. ಕಟಕಟೆಯಲ್ಲಿ ಮೊದಲನೆಯವರೇ ಅವರು. ಚೀಟಿ ತಂದವನನ್ನೂ ನೋಡಿದ್ರು."

"ಅದಕ್ಕೆ ಸೇಡು ತೀರಿಸ್ಕೊಂಡ್ರಾ ಹಾಗಾದ್ರೆ?"

"ಛೆ, ಇಲ್ಲ. ಎದುರು ಸಿಕ್ಕಾಗೆಲ್ಲ ನಗ್ತಾ ಮಾತಾಡಿಸ್ತಾರೆ. ನಿಮ್ಮ ಆರು ತಿಂಗಳಿಂದಲೇ ನಾನು ಮುಖಂಡ ಆದೆ ಸ್ವಾಮಿ ಅಂತಾರೆ. ಕೋರ್ಟಿಗೆ ಮೇಲಿಂದ ಹೇಳಿಕಳಿಸಿದ್ರೆ ಕೆಲಸ ಆಗತ್ತೆ ಅಂತ ಅವರು ತಿಳ್ಕೊಂಡಿದಾರೆ, ಅಷ್ಟೇ. ಅದನ್ನ ಅವರಿಗೆ ತೋರಿಸಿಕೊಟ್ಟವನು ನಾನು."

ಅಪ್ಪನ ಕಟ್ಟಳೆಗಳೆಲ್ಲ, ಆ ಪಟ್ಟಿ, ಮುಟ್ಟದ ವೀಳ್ಯದೆಲೆ, ಎಲ್ಲಿಂದ ಬಂದವೆಂದು ನನಗೆ ಆಗ ತಿಳಿಯಿತು. ಅವು ಮಾಲೂರಿನಿಂದ ಕೋಲಾರಕ್ಕೆ ನಮ್ಮ ಸಾಮಾನಿನ ಜೊತೆ ಬಂದಿದ್ದವು.

"ಹಾಗಿದ್ರೆ ನಿನ್ನೆ ಯಾಕೆ ಓದಲಿಲ್ಲ?" ಎಂದು ಕೇಳಿದೆ.

"ನಿನ್ನೆ ಓದಿದ್ರೆ ಅದು ಬಂದ ತಂತಿಗೆ ನಾನು ಕೊಟ್ಟ ಜವಾಬಾಗ್ತಿತ್ತು. ತೀರ್ಪಾಗ್ತಿರಲಿಲ್ಲ."

ಆ ಮಾತು ಆಗ ಬಹಳ ದೊಡ್ಡದಾಗಿ ಕಂಡಿತು. ಈಗ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಜವಾಬೋ ತೀರ್ಪೋ, ಬೇಲಿ ಕೀಳುವುದಕ್ಕೆ ಅದು ಸಾಕಾಗುತ್ತಿತ್ತು. ಮಾಲೂರಿನಲ್ಲಿ ಅಪ್ಪ ಹೆದರಿ ತಪ್ಪಿದರು, ಕೋಲಾರದಲ್ಲಿ ಹೆದರಲಿಲ್ಲ. ಎರಡು ಸಲವೂ ಆಚೆಯವರು ಬೇಕಾದದ್ದನ್ನು ಪಡೆದುಕೊಂಡರು. ಇದನ್ನು ಅವರೆದುರು ಹೇಳಲಾರೆ. ಅವರನ್ನು ಕಡಿಮೆ ಗೌರವಿಸುತ್ತೇನೆಂದೂ ಅಲ್ಲ.

ಸೋಮವಾರ ಮಧ್ಯಾಹ್ನ ಕೋರ್ಟಿನ ಶಿರಸ್ತೇದಾರರು ಬಂದು ಹೋದರು. ಹೊಸ ಮುನ್ಸೀಫರು ತೋಪಿನ ದಾವೆಯನ್ನು ಕರೆದು, ತಾವು ವಾದವನ್ನು ಮತ್ತೆ ಕೇಳುವುದಾಗಿ ಹೇಳಿ, ದೀಪಾವಳಿ ಕಳೆದ ಮೇಲಕ್ಕೆ ಮುಂದೂಡಿದರಂತೆ. ಲಕೋಟೆಯ ಅರಗನ್ನು ಒಡೆಯಲಿಲ್ಲವಂತೆ. ಅಪ್ಪ "ಸರಿ" ಅಂದರು. ಶಿರಸ್ತೇದಾರರನ್ನು ಬೀಳ್ಕೊಡಲು ಅವರ ಜೊತೆ ಬೀದಿಯ ಕೊನೆಯವರೆಗೆ ಹೋದರು.

ಆ ಹೊತ್ತಿನಲ್ಲೇ ತೋಪಿನಮ್ಮ ಬಂದರು. ನಾನು ಅವರನ್ನು ಅದುವರೆಗೆ ನೋಡಿರಲಿಲ್ಲ. ಅವರ ಬಗ್ಗೆ ಇಪ್ಪತ್ತು ಪುಟ ಬರೆದಿದ್ದೆ. ಅವರ ಗಂಡ ಸತ್ತದ್ದು ಯಾವಾಗ, ಎಷ್ಟು ಮರ, ಯಾವ ಮರ ಯಾರು ನೆಟ್ಟದ್ದು ಎಲ್ಲ ಗೊತ್ತಿತ್ತು. ಇಷ್ಟು ಕುಳ್ಳಗಿದ್ದಾರೆಂದು ಗೊತ್ತಿರಲಿಲ್ಲ. ಜಗಲಿಯ ಕೆಳಗೆ ನಿಂತು, "ಸಾಹೇಬ್ರು ಇದಾರೇನಮ್ಮಾ?" ಎಂದು ಕೇಳಿದರು.

"ಹೊರಗೆ ಹೋಗಿದಾರೆ. ಅವರು ಈಗ ಇಲ್ಲಿನ ಸಾಹೇಬರಲ್ಲಮ್ಮ."

"ಗೊತ್ತು ಬುಡು. ಹಳೇ ಸಾಹೇಬ್ರು ಬರ್ದು ಕವರಲ್ಲಿ ಇಟ್ಟವ್ರೆ ಅಂತ ನಮ್ ವಕೀಲ್ರಂದ್ರು. ಹೊಸ ಸಾಹೇಬ್ರಿಗೆ ಓದಾಕ್ ಬರಲ್ವಾ?"

ನಾನು ನಗಲಿಲ್ಲ. ಅವರೂ ನಗಿಸಲು ಕೇಳಿದ್ದಲ್ಲ.

"ಮೇಲಿನ ಜಡ್ಜಿಗೆ ಒಂದು ಅರ್ಜಿ ಹಾಕ್ರಿ, ಬರ್ದಿರೋದನ್ನ ಓದ್ಸಿ ಅಂತ ಕೇಳ್ರಿ ಅಂದೆ ವಕೀಲ್ರಿಗೆ. ಆಗಲ್ಲಮ್ಮೋ, ನಾನು ಈ ಊರಲ್ಲಿ ಬಾಳ್ಬೇಕು ಅಂದ್ಬುಟ್ರು. ನಾನೇನ್ ಬೇರೆ ಊರಲ್ಲಿ ಬಾಳ್ತೀನಾ?" ಅಂದರು. ಆಮೇಲೆ ಒಂದು ಮೆಟ್ಟಿಲು ಹತ್ತಿ, ದನಿ ತಗ್ಗಿಸಿ, "ಅಮ್ಮಯ್ಯಾ, ಬರ್ಯೋಳು ನೀನೇ ಅಂತೆ. ಅದ್ರಲ್ಲಿ ನಂದು ಅಂತ ಐತಾ, ಅವ್ರದು ಅಂತ ಐತಾ? ಅಷ್ಟ್ ಹೇಳು ಸಾಕು. ಅವ್ರದು ಅಂತಿದ್ರೆ ಸುಮ್ಕೆ ಮನೆಗೆ ಹೋಗ್ತೀನಿ. ನಂದು ಅಂತಿದ್ರೆ ಹೋರಾಡ್ತೀನಿ" ಅಂದರು.

"ನನಗೆ ಗೊತ್ತಿಲ್ಲಮ್ಮ" ಅಂದೆ.

ಅವರು ನನ್ನನ್ನು ನೋಡುತ್ತಲೇ ಇದ್ದರು. "ಗೊತ್ತಿಲ್ದೋರು ಹಿಂಗೆ ನೆಲ ನೋಡಲ್ಲ ಕಣವ್ವ" ಅಂದರು. ಅಜ್ಜಿ ತಂದುಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದು, ನಾಲ್ಕರ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಹತ್ತು ದಿನದಲ್ಲಿ ಎರಡನೆಯ ಸಲ ನಾನು ಗುಟ್ಟು ಕಾಯಲು ಸುಳ್ಳನ್ನು ನೆಚ್ಚಿಕೊಂಡಿದ್ದೆ. ಮೊದಲನೆಯದು ಅಜ್ಜಿಯ ಬಾಯಿಂದ ಬಂದದ್ದು, ಅದು ಬಲವುಳ್ಳವರಿಗೆ ದಾರಿ ತೋರಿಸಿತು. ಎರಡನೆಯದು ನನ್ನದೇ, ಅದು ಈ ಹೆಂಗಸನ್ನು ಕತ್ತಲೆಯಲ್ಲಿ ನಿಲ್ಲಿಸಿತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಅಪ್ಪನ ಮೇಜಿನ ಮುಂದೆ ಕೂತು ಕನ್ನಡದಲ್ಲಿ ಒಂದು ಅರ್ಜಿ ಬರೆದೆ. ಜಿಲ್ಲಾ ನ್ಯಾಯಾಧೀಶರಿಗೆ, ತೋಪಿನಮ್ಮನ ಹೆಸರಿನಲ್ಲಿ. ಸಾಕ್ಷಿ, ವಾದ ಎರಡೂ ಮುಗಿದಿವೆ. ತೀರ್ಪು ಬರೆದು ಮುದ್ರೆ ಹಾಕಿ ಇಟ್ಟಿದ್ದಾರೆಂದು ಕೇಳಿದ್ದೇನೆ. ಅದರಲ್ಲಿ ಏನೇ ಇರಲಿ ಅದನ್ನು ಓದಿಸಬೇಕೆಂದು ಬೇಡುತ್ತೇನೆ. ಇಷ್ಟೇ, ಹನ್ನೊಂದು ಸಾಲು. ಅದರೊಳಗೆ ಏನಿದೆಯೆಂದು ಬರೆಯಲಿಲ್ಲ. ಮುನ್ಸೀಫರ ಮಗಳು ಒಂದು ಕಡೆಯವರ ಪರವಾಗಿ ಅರ್ಜಿ ಬರೆಯುವುದು ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ಜಗಲಿಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದರು. "ಶ್ರೀನಿವಾಸಪುರಕ್ಕೆ ಹೋಗಿಬರ್ತೀನಿ" ಅಂದೆ. ಅವರು ತಲೆಯೆತ್ತಿ ನೋಡಿದರು. ಏಕೆಂದು ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ.

ಎಂಟರ ಬಸ್ಸಿನಲ್ಲಿ ಹೋದೆ. ತೋಪಿನಮ್ಮನ ಮನೆ ಕಂಡುಹಿಡಿಯಲು ಕಷ್ಟವಾಗಲಿಲ್ಲ. ಅವರು ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ನಾನು ಅರ್ಜಿಯನ್ನು ಎರಡು ಸಲ ಓದಿ ಹೇಳಿದೆ.

"ನಂದು ಅಂತ ಬರ್ದಿದ್ಯಾ ಇದ್ರಲ್ಲಿ?"

"ಇಲ್ಲಮ್ಮ. ಓದಿಸಿ ಅಂತ ಬರೆದಿದೀನಿ."

ಅವರು ಮೊರವನ್ನು ಪಕ್ಕಕ್ಕಿಟ್ಟು, ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು, ಎಡಗೈ ಚಾಚಿದರು. ನಾನು ಅವರ ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದದ ಕೆಳಗೆ ಒತ್ತಿಸಿದೆ. ಮಸಿ ಒಣಗುವವರೆಗೆ ಕಾಗದವನ್ನು ಗಾಳಿಗೆ ಹಿಡಿದುಕೊಂಡಿದ್ದೆ. ಆಮೇಲೆ ಅಂಚೆ ಕಚೇರಿಗೆ ನಡೆದು ಹೋಗಿ ಅದನ್ನು ರಿಜಿಸ್ಟರ್ ಮಾಡಿಸಿ, ಹಿಂದಕ್ಕೆ ಬಂದು, ರಸೀದಿಯನ್ನು ತೋಪಿನಮ್ಮನ ಕೈಗೆ ಕೊಟ್ಟೆ.